ಓದುಗರ ಪ್ರಶ್ನೆ: ಸಿಡ್ನಿಯಲ್ಲಿ ಜೇಡರ ಭಯ, ಊರಿಗೆ ವಾಪಸ್ ಬಂದ್ಬಿಡ್ಲಾ?

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ಮೂರು ಹಾಸನದ ಹತ್ರ, ಮದುವೆ ಆಗಿ ಸಿಡ್ನಿಗೆ ಬಂದವಳು ನಾನು. ಚಿಕ್ಕಂದಿನಿಂದ್ಲೂ ಜೇಡ ಅಂದ್ರೆ ಆಗಲ್ಲ, ಊರಲ್ಲಾದ್ರೆ ಅಮ್ಮನೋ ಅಣ್ಣನೋ ಪೊರಕೆ ತಗೊಂಡು ಓಡಿಸ್ತಿದ್ರು ಅಲ್ಲಿಗೆ ಮುಗೀತಿತ್ತು. ಇಲ್ಲಿ ನಮ್ಮ ಮನೆ ಹಾರ್ನ್ಸ್‌ಬಿ ಕಡೆ, ಹಿಂದುಗಡೆ ಪೂರ್ತಿ ಮರಗಳು, ಅಂಗೈ ಅಗಲದ ಜೇಡ ಬೆಡ್‌ರೂಮ್ ಗೋಡೆ ಮೇಲೆ ಬಂದು ಕೂರತ್ತೆ. ಒಂದ್ಸಲ ಕಾರಲ್ಲಿ ಬಿಸಿಲಿಗೆ ಅಂತ ವೈಸರ್ ಇಳಿಸಿದ್ರೆ ಅದರ ಹಿಂದೆ ಇತ್ತು, ಅವತ್ತಿಂದ ಕಾರು ಮುಟ್ಟಿಲ್ಲ. ಬಟ್ಟೆ ಒಣಗಿಹಾಕೋಕೂ ಹಿತ್ತಲಿಗೆ ಹೋಗಲ್ಲ. ನಮ್ಮನೆಯವ್ರಿಗೆ ನೈಟ್ ಶಿಫ್ಟ್ ಇದ್ರೆ ರಾತ್ರಿಯೆಲ್ಲಾ ಲೈಟ್ ಹಾಕ್ಕೊಂಡು ಕೂತಿರ್ತೀನಿ. ಈಗ ಮೂರು ವರ್ಷದ ಮಗನೂ ನನ್ನ ನೋಡ್ಕೊಂಡು ಕಿರುಚೋಕೆ ಶುರು ಮಾಡಿದಾನೆ. ಎಲ್ಲಾರೂ ಇಷ್ಟಕ್ಕೆಲ್ಲಾ ಹೆದರ್ತಾರಾ ಅಂತಾರೆ. ಮಗನ್ನ ಕರ್ಕೊಂಡು ಊರಿಗೇ ಬಂದ್ಬಿಡ್ಲಾ?
— ಹೆಸರು ಬೇಡ, ಸಿಡ್ನಿ

ಉತ್ತರ: ತಂಗಿ, "ಇಷ್ಟಕ್ಕೆಲ್ಲಾ" ಅನ್ನೋರ ಮಾತನ್ನ ಮೊದ್ಲು ಬಿಟ್ಟಾಕಿ. ನಿದ್ದೆ, ಕಾರು, ಹಿತ್ತಲು ಮೂರನ್ನೂ ಕಿತ್ಕೊಂಡಿರೋ ಭಯ ಸಣ್ಣದಲ್ಲ, ಇದಕ್ಕೆ ಡಾಕ್ಟ್ರು ಫೋಬಿಯಾ ಅಂತಾನೇ ಹೆಸರಿಟ್ಟಿದಾರೆ, ಚಿಕಿತ್ಸೆನೂ ಇದೆ, ಚೆನ್ನಾಗೇ ಕೆಲಸ ಮಾಡತ್ತೆ.

ನಿಮ್ಮ ಗೋಡೆ ಮೇಲೆ, ವೈಸರ್ ಹಿಂದೆ ಬರೋದು ನೀವು ಹೇಳಿದ್ದು ನೋಡಿದ್ರೆ ಹಂಟ್ಸ್‌ಮನ್. ಕಾಲು ಚಾಚಿದ್ರೆ 15 ಸೆಂಟಿಮೀಟರ್‌ವರೆಗೂ ಬರತ್ತೆ, ಮೈ ಚಪ್ಪಟೆ ಇರೋದ್ರಿಂದ ಎಂಥ ಸಂದಿಯಲ್ಲಾದ್ರೂ ತೂರ್ಕೊಳತ್ತೆ, ಬಲೆ ಕಟ್ಟಲ್ಲ, ಜಿರಳೆ ಹಿಡ್ಕೊಂಡು ತಿನ್ನತ್ತೆ. ಹಿಡಿಯೋಕೆ ಹೋದ್ರೆ ಕಚ್ಚಬಹುದು, ಕಚ್ಚಿದ ಜಾಗ ಸ್ವಲ್ಪ ಊದಿ ನೋಯತ್ತೆ, ಐಸ್ ಇಟ್ರೆ ಸಾಕು, ಪ್ರಾಣಕ್ಕೇನೂ ಅಪಾಯ ಇಲ್ಲ. ನಮ್ಮ ಕಡೆ ಬಚ್ಚಲುಮನೆ ಗೋಡೆ ಮೇಲೆ ನಾಣ್ಯದಂಥ ಬಿಳಿ ಬಿಲ್ಲೆನ ಹೊಟ್ಟೆ ಕೆಳಗೆ ಹಿಡ್ಕೊಂಡು ಓಡಾಡೋ ದೊಡ್ಡ ಜೇಡ ನೋಡಿರ್ತೀರಲ್ಲ, ಅದೂ ಇದೇ ಕುಟುಂಬದ್ದು, ಆ ಬಿಲ್ಲೆ ಅದರ ಮೊಟ್ಟೆ ಚೀಲ. ಅಂದ್ರೆ ನಿಮ್ಮಮ್ಮ ಪೊರಕೆಯಲ್ಲಿ ಓಡಿಸ್ತಿದ್ದಿದ್ದೂ ಬಹುಶಃ ಇದರ ನೆಂಟರನ್ನೇ.

ನೀವು ಇರೋ ಕಡೆ ನಿಜವಾಗ್ಲೂ ಹುಷಾರಾಗಿರಬೇಕಾದ್ದು ಸಿಡ್ನಿ ಫನೆಲ್ ವೆಬ್ ಅನ್ನೋ ವಿಷದ ಜೇಡದ ಬಗ್ಗೆ. ಕಪ್ಪಗೆ ಮಿರಮಿರ ಅನ್ನತ್ತೆ, ಕಲ್ಲಿನಡಿ, ಮರದ ದಿಮ್ಮಿಯಡಿ, ತೇವ ಇರೋ ಮಣ್ಣಲ್ಲಿ ಬಿಲ ಮಾಡ್ಕೊಂಡಿರತ್ತೆ, ನುಣುಪಾದ ಗೋಡೆ ಅಥವಾ ಗಾಜು ಹತ್ತೋಕೆ ಅದಕ್ಕೆ ಆಗಲ್ಲ, ಹಾಗಾಗಿ ನಿಮ್ಮ ಬೆಡ್‌ರೂಮ್ ಗೋಡೆ ಮೇಲೆ ಕೂತಿರೋದು ಅದಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೂ ಗಂಡು ಜೇಡಗಳು ಹೆಣ್ಣನ್ನ ಹುಡುಕ್ಕೊಂಡು ರಾತ್ರಿ ಹೊತ್ತು ಓಡಾಡ್ತವೆ, ಹೊರಗೆ ಬಿಟ್ಟ ಶೂ ಒಳಗೆ, ನೆಲದ ಮೇಲೆ ಬಿದ್ದಿರೋ ಬಟ್ಟೆಯಲ್ಲಿ ಸೇರ್ಕೋತವೆ. 1981ಕ್ಕಿಂತ ಮುಂಚೆ ಇದರಿಂದ 13 ಜನ ಸತ್ತ ದಾಖಲೆ ಇದೆ. ಆ ವರ್ಷ ಸ್ಟ್ರುವಾನ್ ಸದರ್ಲೆಂಡ್ ಅನ್ನೋರ ತಂಡ ಪ್ರತಿವಿಷ ತಯಾರಿಸಿದ ಮೇಲೆ ಒಬ್ರೂ ಸತ್ತಿಲ್ಲ. ಅದಕ್ಕೆ ಬೇಕಾದ ವಿಷನ ನಿಮ್ಮ ಉತ್ತರಕ್ಕಿರೋ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್ ಅನ್ನೋ ಮೃಗಾಲಯದೋರು ಜನ ತಂದುಕೊಟ್ಟ ಜೇಡಗಳಿಂದ ತೆಗೀತಾರೆ, ನಂಗೆ ಇದು ತುಂಬಾ ದೊಡ್ಡ ಕೆಲಸ ಅನ್ಸತ್ತೆ.

ಆದ್ದರಿಂದ ಹಿತ್ತಲಿಗೆ ಹೋಗೋದು ನಿಲ್ಲಿಸ್ಬೇಡಿ, ಶೂ ಒಳಗಿಡಿ, ಹೊರಗಿದ್ದಿದ್ನ ಕೊಡವಿ ಹಾಕ್ಕೊಳಿ, ಗಿಡದ ಕೆಲಸಕ್ಕೆ ಗ್ಲೌಸ್ ಹಾಕಿ, ಬಾಗಿಲ ಕೆಳಗಿನ ಸಂದಿ ಮುಚ್ಚಿಸಿ. ಅಕಸ್ಮಾತ್ ಇಂಥ ದೊಡ್ಡ ಕಪ್ಪು ಜೇಡ ಕಚ್ಚಿದ್ರೆ ಓಡಾಡಬಾರದು, ಕೈಯೋ ಕಾಲೋ ಪೂರ್ತಿ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅಲ್ಲಾಡದ ಹಾಗಿಟ್ಟು 000ಗೆ (ಅಲ್ಲಿನ ತುರ್ತು ನಂಬರ್) ಫೋನ್ ಮಾಡ್ಬೇಕು. ಇದನ್ನ ಬರ್ದು ಫ್ರಿಜ್ ಮೇಲೆ ಅಂಟ್ಸಿ, ಏನ್ಮಾಡ್ಬೇಕು ಅಂತ ಗೊತ್ತಿದ್ರೆ ಮನಸ್ಸಿಗೆ ಧೈರ್ಯ ಇರತ್ತೆ.

ಇನ್ನು ಭಯದ ವಿಷಯ. ಜೇಡ ಕಂಡ ತಕ್ಷಣ ನೀವು ಓಡ್ತೀರಿ, ಓಡಿದ ಕೂಡ್ಲೇ ಜೀವಕ್ಕೆ ಹಾಯನ್ಸತ್ತೆ, ಓಡಿದ್ದಕ್ಕೇ ಉಳ್ಕೊಂಡೆ ಅಂತ ಮನಸ್ಸು ಕಲ್ತುಬಿಡತ್ತೆ, ಮುಂದಿನ ಸಲ ಇನ್ನೂ ಬೇಗ ಓಡಿಸತ್ತೆ. ಇದನ್ನ ಮುರಿಯೋಕೆ ಇರೋ ದಾರಿ ಸ್ವಲ್ಪ ಸ್ವಲ್ಪವಾಗಿ ಹತ್ರ ಹೋಗೋದು. ಮೊದ್ಲು ಮಗನ ಜೊತೆ ಕೂತು ಜೇಡದ ಚಿತ್ರ ಬರೀರಿ. ಆಮೇಲೆ ಫೋನಲ್ಲಿ ಫೋಟೋ, ಅದು ಸಲೀಸಾದ್ಮೇಲೆ ವಿಡಿಯೋ. ಆಮೇಲೆ ನಿಮ್ಮನೆಯವ್ರು ಇರುವಾಗ ಬಾಗಿಲಲ್ಲಿ ನಿಂತು ನಿಜವಾದ್ದನ್ನ ನೋಡೋದು, ಅವ್ರು ಪಾರದರ್ಶಕ ಡಬ್ಬಿ ಮುಚ್ಚಿ ಕೆಳಗೆ ರಟ್ಟು ತೂರಿಸಿ ಹೊರಗೆ ಬಿಡೋವಾಗ ಜೊತೆಗಿರೋದು, ಒಂದಿನ ಆ ರಟ್ಟು ನೀವು ಹಿಡಿಯೋದು. ಎಲ್ಲಿಯೂ ಎದೆ ಡವಡವ ಜಾಸ್ತಿ ಇರುವಾಗ ಬಿಟ್ಟು ಓಡ್ಬೇಡಿ, ಅದು ತಾನಾಗೇ ಇಳಿಯತ್ತೆ, ಇಳಿಯೋವರೆಗೂ ನಿಲ್ಲಿ. ಒಂದು ಮೆಟ್ಟಿಲಲ್ಲಿ ವಾರಗಟ್ಟಲೆ ಇದ್ರೂ ಪರವಾಗಿಲ್ಲ. ಗಂಡನಿಗೂ ಹೇಳಿ, ತಮಾಷೆಗೆ ಅಂತ ಎದುರಿಗೆ ತರೋದು, ಬಲವಂತ ಮಾಡೋದು ಖಂಡಿತಾ ಬೇಡ, ಅದರಿಂದ ಭಯ ಹೆಚ್ಚಾಗತ್ತೆ.

ಒಬ್ಬರೇ ಆಗಲ್ಲ ಅನ್ಸಿದ್ರೆ ಸೈಕಾಲಜಿಸ್ಟ್ ಹತ್ರ ಹೋಗಿ. ಸ್ವೀಡನ್ನಿನ ಲಾರ್ಸ್-ಯೋರನ್ ಓಸ್ಟ್ ಅನ್ನೋರು 1989ರಲ್ಲೇ ಇಂಥ ಭಯಕ್ಕೆ ಮೂರು ಗಂಟೆಯೊಳಗಿನ ಒಂದೇ ಸಿಟ್ಟಿಂಗ್‌ನ ಚಿಕಿತ್ಸೆ ವಿವರಿಸಿದ್ರು, ಅದೂ ಇದೇ ಮೆಟ್ಟಿಲ ದಾರಿನೇ. ನಿಮಗೆ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇದ್ರೆ ಜಿಪಿ (ಫ್ಯಾಮಿಲಿ ಡಾಕ್ಟ್ರು) ಹತ್ರ ಮೆಂಟಲ್ ಹೆಲ್ತ್ ಪ್ಲಾನ್ ಮಾಡಿಸ್ಕೊಳಿ, ವರ್ಷಕ್ಕೆ 10 ಸಿಟ್ಟಿಂಗ್‌ವರೆಗೂ ಸರ್ಕಾರ ಖರ್ಚಲ್ಲಿ ಪಾಲು ಕೊಡತ್ತೆ.

ಕಾರು ಹತ್ತೋ ಮುಂಚೆ ವೈಸರ್ ಇಳಿಸಿ ನೋಡಿ, ನಿಲ್ಸಿದಾಗ ಗ್ಲಾಸ್ ಪೂರ್ತಿ ಏರಿಸಿ. ಓಡಿಸುವಾಗ ಕಾಣಿಸ್ಕೊಂಡ್ರೆ ಅದೇನೂ ಮಾಡಲ್ಲ, ಗಾಬರೀಲಿ ಸ್ಟೇರಿಂಗ್ ತಿರುಗಿಸೋದೇ ಅಪಾಯ, ಇಂಡಿಕೇಟರ್ ಹಾಕಿ ನಿಧಾನಕ್ಕೆ ಪಕ್ಕಕ್ಕೆ ತಗೊಂಡು ಇಳೀರಿ.

ಮಗನ ಮುಂದೆ ಭಯನೇ ಇಲ್ಲ ಅಂತ ನಟಿಸ್ಬೇಡಿ, ಮಕ್ಕಳು ಮುಖ ನೋಡೇ ಕಂಡುಹಿಡೀತಾರೆ. "ಅಮ್ಮಂಗೆ ಭಯ ಆಗತ್ತೆ ಕಂದಾ, ನಾವು ಮುಟ್ಟೋದು ಬೇಡ, ಹಿಂದೆ ಸರ್ಕೊಂಡು ಅಪ್ಪನ್ನ ಕರೆಯೋಣ" ಅಂತ ಮೆತ್ತಗೆ ಹೇಳಿ, ಯಾವ ಜೇಡನೂ ಮುಟ್ಟಬಾರದು ಅನ್ನೋದು ನಿಮ್ಮ ಏರಿಯಾದ ಮಗುಗೆ ಗೊತ್ತಿರಲೇಬೇಕು. ಊರಿಗೆ ಅಮ್ಮನ್ನ ನೋಡೋ ಆಸೆಗೆ ಬನ್ನಿ, ಜೇಡಕ್ಕೆ ಹೆದರ್ಕೊಂಡು ಬರ್ಬೇಡಿ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಓದ್ತಿದೀನಿ. ವೈಟ್‌ಟೇಲ್ ಜೇಡ ಕಚ್ಚಿದ್ರೆ ಮಾಂಸ ಕೊಳೆಯತ್ತೆ ಅಂತ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಬಂದಿದೆ, ನಿಜಾನಾ?
— ವಿದ್ಯಾರ್ಥಿ, ದಾವಣಗೆರೆಯವನು

ಉತ್ತರ: ನಿಜ ಅಲ್ಲಪ್ಪ. 2003ರಲ್ಲಿ ಅಲ್ಲಿನ ಸಂಶೋಧಕರು ವೈಟ್‌ಟೇಲ್ ಕಚ್ಚಿದ್ದು ಖಾತ್ರಿಯಾದ 130 ಜನರ ವಿವರ ಪ್ರಕಟಿಸಿದ್ರು, ಒಬ್ರಿಗೂ ಮಾಂಸ ಕೊಳೆತಿರಲಿಲ್ಲ, ಉರಿ, ಕೆಂಪು, ತುರಿಕೆ ಅಷ್ಟೇ. ವಾಸಿಯಾಗದ ಗಾಯ ಇದ್ರೆ ಜೇಡನ ಮೇಲೆ ಹಾಕ್ಬೇಡ, ಡಾಕ್ಟ್ರಿಗೆ ತೋರ್ಸು, ಕಾರಣ ಬೇರೆ ಇರತ್ತೆ. ಬೆನ್ನ ಮೇಲೆ ಕೆಂಪು ಗೆರೆ ಇರೋ ರೆಡ್‌ಬ್ಯಾಕ್ ಬಗ್ಗೆ ಮಾತ್ರ ಜೋಪಾನ, ಹೊರಗಿನ ಕುರ್ಚಿಯಡಿ, ಲೆಟರ್‌ಬಾಕ್ಸಲ್ಲಿ ಕೈ ಹಾಕೋ ಮುಂಚೆ ನೋಡು. ಅದು ಕಚ್ಚಿದ್ರೆ ಐಸ್ ಇಡ್ಬೇಕು, ಬ್ಯಾಂಡೇಜ್ ಬಿಗೀಬಾರದು, ನೋವು ಏರ್ತಾ ಹೋದ್ರೆ ಆಸ್ಪತ್ರೆಗೆ ಹೋಗು, 1956ರಿಂದಲೇ ಪ್ರತಿವಿಷ ಇದೆ. ಅನುಮಾನ ಇದ್ರೆ 13 11 26, ವಿಷದ ಮಾಹಿತಿ ಕೇಂದ್ರದ ನಂಬರ್ ಇದು, ಮೊಬೈಲಲ್ಲಿ ಸೇವ್ ಮಾಡ್ಕೋ.