ಮಹಿಳೆಯರ ಹಕ್ಕಿನ ಕಾನೂನಿಗಾಗಿ ನಮ್ಮ ಶಾಸಕರನ್ನು ಹೋಗಿ ಕಂಡರೆ ಏನಾದರೂ ಪ್ರಯೋಜನ ಇದೆಯಾ? ಏನಂತ ಮಾತಾಡಬೇಕು?

ಪ್ರಯೋಜನ ಇದೆ. ಆದರೆ "ಮಹಿಳೆಯರ ಪರ ನಿಲ್ಲಿ ಅಂತ ಶಾಸಕರ ಮನವೊಲಿಸೋದು" ಗುರಿಯಾದರೆ, ಒಂದು ಶಾಲು, ಒಂದು ಫೋಟೋ, ಅರ್ಧ ಕಪ್ ಚಹಾದಲ್ಲಿ ಕೆಲಸ ಮುಗಿಯುತ್ತದೆ. ನಾನು ಮಹಿಳೆಯರ ಪರ ಇಲ್ಲ ಅನ್ನುವ ಶಾಸಕರನ್ನು ನಾನಂತೂ ಇದುವರೆಗೆ ನೋಡಿಲ್ಲ. ಎಲ್ಲರೂ ಪರವೇ! ಅದಕ್ಕೇ ಬೆಂಬಲ ಕೇಳಬೇಡಿ, ಒಂದು ಕೆಲಸ ಕೇಳಿ. ಅವರ ಕೈಯಿಂದಲೇ ಆಗಬೇಕಾದ, ನಿಮ್ಮಿಂದ ಆಗದ ಒಂದು ಕೆಲಸ.

ನಾನು ಕೊಪ್ಪಳ ಕಡೆಯವಳು. ಮಾಜಿ ದೇವದಾಸಿ ಮಹಿಳೆಯರ ಜೊತೆ ಓಡಾಡುವ ಒಂದು ಸಣ್ಣ ಗುಂಪಿನಲ್ಲಿದ್ದೇನೆ. ಸಂಬಳದ ಕೆಲಸ ಅಲ್ಲ. ನಿಮ್ಮ ವಿಷಯ ಬೇರೆ ಇರಬಹುದು, ಆದರೂ ನನಗೆ ಗೊತ್ತಿರುವ ಉದಾಹರಣೆ ಇದೇ, ಇದನ್ನೇ ಹೇಳುತ್ತೇನೆ.

ರಾಜ್ಯದಲ್ಲಿ ದೇವದಾಸಿ ಪದ್ಧತಿ ನಿಷೇಧಿಸುವ ಕಾನೂನು ಬಂದಿದ್ದು 1982ರಲ್ಲಿ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವವರಿಗೆ ಅದು ಶಿಕ್ಷೆ ಹೇಳುತ್ತಿತ್ತು. ಆಮೇಲೆ ಸರ್ಕಾರ 1993-94ರಲ್ಲಿ ಒಂದು, 2007-08ರಲ್ಲಿ ಇನ್ನೊಂದು ಸಮೀಕ್ಷೆ ಮಾಡಿಸಿತು. ಎರಡೂ ಸೇರಿ 46,660 ಮಹಿಳೆಯರ ಹೆಸರು ಪಟ್ಟಿಗೆ ಬಂತು. ಪಿಂಚಣಿ, ಮನೆ ಅಂತ ಏನೇ ಸಿಕ್ಕರೂ ಆ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಅವರ ಮಕ್ಕಳ ಗತಿ ಏನು? ಅಪ್ಪನ ಹೆಸರು ಗೊತ್ತಿದ್ದರೂ ಹೇಳುವ ಹಾಗಿಲ್ಲ. ಅಪ್ಪನ ಆಸ್ತಿಯಲ್ಲಿ ಪಾಲು ಅನ್ನುವ ಮಾತಂತೂ ದೂರವೇ ಉಳಿಯಿತು.

ಇದನ್ನೆಲ್ಲ ಹೇಳಿ ಹೊಸ ಕಾನೂನು ಕೇಳೋಣ ಅಂತ ನಾವು ಶಾಸಕರ ಮನೆಗೆ ಹೋದಾಗ ಅವರು ಮೊದಲು ಹೇಳಿದ್ದು, "1982ರಾಗನ ಕಾನೂನು ಆಗೇತಲ್ಲವಾ, ಮತ್ಯಾಕ ಹೊಸದು?" ನಮ್ಮಲ್ಲಿ ಓದಿಕೊಂಡವಳೊಬ್ಬಳು ಸಂವಿಧಾನ, ಘನತೆ ಅಂತ ಶುರು ಮಾಡಿದಳು. ಸಾಹೇಬರ ಕಣ್ಣು ಆಗಲೇ ಬಾಗಿಲಲ್ಲಿ ನಿಂತಿದ್ದ ಮುಂದಿನ ಗುಂಪಿನ ಕಡೆ ಹೋಗಿತ್ತು. ಆಗ ಜೊತೆಗೆ ಬಂದಿದ್ದ ಅಕ್ಕ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ಮಗಳ ಶಾಲೆಯ ಅರ್ಜಿ ತೆಗೆದು ಟೀಪಾಯಿ ಮೇಲೆ ಬಿಡಿಸಿಟ್ಟರು.

"ಇಲ್ಲಿ ಏನಂತ ಬರೀಲ್ರಿ ಸಾಹೇಬ್ರ? ಖಾಲಿ ಬಿಟ್ರ ತಗೊಳ್ಳಂಗಿಲ್ಲ ಅಂತಾರ. ನಮ್ಮಣ್ಣನ ಹೆಸರು ಬರದ್ರ ನಾಳಿ ಜಾತಿ ಸರ್ಟಿಫಿಕೇಟಿಗೆ ತ್ರಾಸು. ದೇವರ ಹೆಸರು ಬರದ್ರ ಹುಡುಗ್ರು ನಗ್ತಾರ."

ತಂದೆಯ ಹೆಸರು ಅನ್ನುವ ಕಾಲಂ ಮೇಲೆ ಅವರ ಬೆರಳಿತ್ತು. ಶಾಸಕರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಅರ್ಜಿಯನ್ನು ಪೂರ್ತಿ ಓದಿದರು. ಆಮೇಲೆ ಪಿಎ ಕರೆದು, "ಇದನ್ನ ಪ್ರಶ್ನಿ ಮಾಡಿ ಹಾಕ್ರಿ" ಅಂದರು. ನಮಗೆ ಬೇಕಾಗಿದ್ದು ಅದೇ.

ಸದನದಲ್ಲಿ ಕೇಳಿದ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಲೇಬೇಕು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳೇ ಎದ್ದು ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಾದರೆ ಲಿಖಿತ ಉತ್ತರ. ನನ್ನನ್ನು ಕೇಳಿದರೆ ಲಿಖಿತ ಉತ್ತರವೇ ಜಾಸ್ತಿ ಉಪಯೋಗ. ಇಲಾಖೆಯ ಮಾತು ಕಾಗದದಲ್ಲಿ ಸಿಕ್ಕಿಬೀಳುತ್ತದೆ. ಜಾರಿಕೊಳ್ಳುವ ಉತ್ತರ ಬಂದರೂ ಮುಂದಿನ ಸಲ ಅದನ್ನೇ ಹಿಡಿದುಕೊಂಡು ಹೋಗಬಹುದು. ಪ್ರಶ್ನೆಯನ್ನು ನೀವೇ ಬರೆದುಕೊಂಡು ಹೋಗಿ. "ಮಹಿಳೆಯರಿಗೆ ಸರ್ಕಾರ ಏನು ಮಾಡಿದೆ" ಅಂತ ಕೇಳಿದರೆ ಯೋಜನೆಗಳ ಪಟ್ಟಿ ಬರುತ್ತದೆ, ಅಷ್ಟೇ. "ಶಾಲಾ ದಾಖಲಾತಿಗೆ ತಂದೆಯ ಹೆಸರು ಕಡ್ಡಾಯವೇ? ಹೌದಾದರೆ ಯಾವ ಆದೇಶದ ಪ್ರಕಾರ? ಇಲ್ಲವಾದರೆ ಅರ್ಜಿಯಲ್ಲಿ ಆ ಕಾಲಂ ಯಾಕಿದೆ?" ಅಂತ ಕೇಳಿದರೆ ಯಾರೋ ಒಬ್ಬ ಅಧಿಕಾರಿ ಕೂತು ಆದೇಶ ಹುಡುಕಲೇಬೇಕು. ಅಧಿವೇಶನಕ್ಕೆ ಸಾಕಷ್ಟು ಮೊದಲೇ ಕೊಡಿ, ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಬೇಕು. ಅಧಿವೇಶನ ಶುರುವಾದ ಮೇಲೆ ಹೋದರೆ ಸುಮ್ನೆ ಬಸ್ ಚಾರ್ಜ್ ದಂಡ.

ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಈ ದಾರಿ ಇಲ್ಲ, ಮಂತ್ರಿಗಳು ಪ್ರಶ್ನೆ ಕೇಳುವ ಹಾಗಿಲ್ಲ. ಆಗ ಪಕ್ಕದ ಕ್ಷೇತ್ರದವರನ್ನು ನೋಡಿ, ಇಲ್ಲಾ ವಿಧಾನ ಪರಿಷತ್ತಿನ ಸದಸ್ಯರನ್ನು ಹಿಡಿಯಿರಿ. ಪರಿಷತ್ತಿನಲ್ಲಿ 75 ಜನ ಇದ್ದಾರೆ, ಎಂಎಲ್‌ಸಿಗಳನ್ನು ಯಾಕೋ ಯಾರೂ ನೆನಪಿಸಿಕೊಳ್ಳೋದೇ ಇಲ್ಲ. ಅವರ ಮನೆ ಮುಂದೆ ರಸ್ತೆ, ಬೋರ್‌ವೆಲ್ ಕೇಳುವ ಜನ ಕಡಿಮೆ. ಕೂತು ಮಾತಾಡೋಕೆ ಸಮಯ ಸಿಗುತ್ತದೆ.

ಇನ್ನೊಂದು ಮಾತು ಖಂಡಿತ ಕೇಳಿಸಿಕೊಳ್ಳುತ್ತೀರಿ: "ಇದು ಕೇಂದ್ರದ ಕಾನೂನು, ನಮ್ಮ ಕೈಯಲ್ಲಿಲ್ಲ." ಕೆಲವು ಸಲ ಅದು ನಿಜ. ಆದರೆ ಮದುವೆ, ಉತ್ತರಾಧಿಕಾರದಂಥ ಎಷ್ಟೋ ವಿಷಯದಲ್ಲಿ ಸಂವಿಧಾನದ ಪ್ರಕಾರ ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದು. ಅಲ್ಲಿ ನಮ್ಮ ರಾಜ್ಯ ಕೇಂದ್ರಕ್ಕಿಂತ ಮುಂದೆ ಹೋಗಿದ್ದೂ ಇದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ದೇಶಕ್ಕೆಲ್ಲ ಕಾನೂನು ಆಗಿದ್ದು 2005ರಲ್ಲಿ. ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ಮಾಡಿ 1994ರಲ್ಲೇ ಜಾರಿಗೆ ತಂದಿತ್ತು. ಅದರಲ್ಲಿ ಕೊರತೆ ಇತ್ತು, 1994ಕ್ಕೆ ಮೊದಲೇ ಮದುವೆಯಾದವರನ್ನು ಹೊರಗೆ ಬಿಟ್ಟಿತ್ತು. ನಮ್ಮ ದೊಡ್ಡಮ್ಮ ಇವತ್ತಿಗೂ ಅದನ್ನು ಹೇಳಿಕೊಂಡು ಬೈಯುತ್ತಾರೆ. ಆದರೂ ದಾರಿ ತೆರೆದಿದ್ದು ರಾಜ್ಯಗಳೇ ಅಲ್ವಾ? ಹಾಗೇ 2016ರ ತಿದ್ದುಪಡಿಯಿಂದ ನಮ್ಮಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಕೇಂದ್ರದ ಕಾಯ್ದೆಯಲ್ಲಿ ಅಂಥ ಮದುವೆಯನ್ನು ರದ್ದು ಮಾಡಿಸಿ ಅಂತ ಹುಡುಗಿಯೇ ಸಾಮಾನ್ಯವಾಗಿ ಕೋರ್ಟಿಗೆ ಹೋಗಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕರ್ನಾಟಕದ ಈ ತಿದ್ದುಪಡಿಯನ್ನು ಮೆಚ್ಚಿ ಮಾತಾಡಿತು. ಈ ಎರಡು ಉದಾಹರಣೆ ಬಾಯಲ್ಲಿರಲಿ. "ಕೈಯಲ್ಲಿಲ್ಲ" ಅಂದವರಿಗೆ ಮೆಲ್ಲಗೆ ಹೇಳಿದರೆ ಸಾಕು.

ಇಡೀ ಕಾನೂನೇ ಕೇಂದ್ರದ್ದಾದರೂ ಜಾರಿ ಮಾಡೋರು ಇಲ್ಲಿಯವರು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರದ್ದು, ಕೇಂದ್ರದ್ದು. ಅದರ ಸಂರಕ್ಷಣಾಧಿಕಾರಿ, ಅಂದರೆ ದೌರ್ಜನ್ಯಕ್ಕೊಳಗಾದ ಹೆಂಗಸಿಗೆ ನೆರವಾಗಬೇಕಾದ ಅಧಿಕಾರಿ ಯಾರು? ನಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಅಂಗನವಾಡಿಗಳ ಮೊಟ್ಟೆಯಿಂದ ಹಿಡಿದು ಎಲ್ಲ ನೋಡಿಕೊಳ್ಳುವ ಅದೇ ಅಧಿಕಾರಿ. ಹೆಚ್ಚುವರಿ ಹೊಣೆ ಅಂತ ಇದನ್ನೂ ಹೊರಿಸಿದ್ದಾರೆ. ಇದಕ್ಕೇ ಅಂತ ಬೇರೆ ಅಧಿಕಾರಿ ಕೊಡಿ ಅಂತ ರಾಜ್ಯ ಸರ್ಕಾರವನ್ನು ಕೇಳೋದಕ್ಕೆ ಯಾವ ಅಡ್ಡಿಯೂ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಕಷ್ಟ ಅನುಭವಿಸಿದ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವುದಿದ್ದರೆ ಬೆಳಗಿನ ಹೊತ್ತು ಶಾಸಕರ ಮನೆಯ ಹಾಲ್‌ನಲ್ಲಿ ಮಾತಾಡಿಸಬೇಡಿ. ಅಲ್ಲಿ ಊರಿನ ಅರ್ಧ ಗೌಡರು, ಗುತ್ತಿಗೆದಾರರು, ಮಾಜಿ ಅಧ್ಯಕ್ಷರು ಕೂತಿರುತ್ತಾರೆ. ನಮ್ಮ ವಿಷಯದಲ್ಲಂತೂ ಆ ಮಗುವಿನ ಅಪ್ಪನೇ ಅಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ಕೂತಿರಬಹುದು. ಪಿಎಗೆ ಮೊದಲೇ ಹೇಳಿ ಒಳಗಿನ ಕೋಣೆಯಲ್ಲಿ ಹತ್ತು ನಿಮಿಷ ಕೇಳಿಕೊಳ್ಳಿ. ಮೂರ್ನಾಲ್ಕು ಜನ ಸಾಕು. ಏನು ಹೇಳಬೇಕು, ಎಷ್ಟು ಹೇಳಬೇಕು, ಫೋಟೋ ಬೇಕಾ ಬೇಡವಾ, ಇದೆಲ್ಲ ಅವರೇ ತೀರ್ಮಾನ ಮಾಡಲಿ. ನಾವು ನಡುವೆ ಬಾಯಿ ಹಾಕಿ "ಅಳಬ್ಯಾಡವ್ವಾ, ಎಲ್ಲಾ ಹೇಳು" ಅಂತ ಒತ್ತಾಯ ಮಾಡೋದು ನನಗೆ ಸರಿ ಕಾಣಲ್ಲ. ಹಾಗೆ ಮಾಡುವ ಸಂಸ್ಥೆಯವರನ್ನೂ ನೋಡಿದ್ದೇನೆ.

ಪಿಎ ಅಂದೆ ಅಲ್ವಾ, ಅವರ ಹೆಸರು, ನಂಬರ್ ಇಟ್ಟುಕೊಳ್ಳಿ. ಮನವಿ ಒಂದೇ ಪುಟ ಇರಲಿ, ಕನ್ನಡದಲ್ಲಿ ಇರಲಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಶಾಸಕರು ಮಂತ್ರಿಗಳಿಗೆ ಪತ್ರ ಬರೆದರೆ ಅದರ ಪ್ರತಿಯನ್ನೂ ಕೇಳಿ, ಟಪಾಲು ಸಂಖ್ಯೆ ಇಲ್ಲದಿದ್ದರೆ ಆ ಪತ್ರವನ್ನು ವಿಧಾನಸೌಧದಲ್ಲಿ ಹುಡುಕೋದು ಅಂದರೆ ಸಂತೆಯಲ್ಲಿ ಸೂಜಿ ಹುಡುಕಿದ ಹಾಗೆ.

ನಮ್ಮ ವಿಷಯ ಏನಾಯಿತು ಅಂತ ಕೇಳುತ್ತೀರಿ. ಹೊಸ ದೇವದಾಸಿ ಮಸೂದೆ 2025ರ ಆಗಸ್ಟ್‌ನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ತಂದೆಯ ಹೆಸರು ಬರೆಯಲೇಬೇಕು ಅನ್ನುವ ಒತ್ತಾಯ ಇಲ್ಲ, ಮಕ್ಕಳಿಗೆ ಅಪ್ಪನ ಆಸ್ತಿಯ ಮೇಲೆ ಹಕ್ಕಿದೆ, ಬೇಕಾದರೆ ತಂದೆ ಯಾರು ಅಂತ ಕಾನೂನಿನ ಮೂಲಕ ಗುರುತಿಸಿಕೊಳ್ಳಬಹುದು. ಇದೆಲ್ಲ ನಮ್ಮ ಒಂದು ಭೇಟಿಯಿಂದ ಆಯಿತು ಅಂದರೆ ಯಾರೂ ನಂಬಲ್ಲ, ನಂಬಲೂಬಾರದು. ದೇವದಾಸಿ ಮಹಿಳೆಯರ ಸಂಘಟನೆಗಳು ವರ್ಷಗಟ್ಟಲೆ ಧರಣಿ ಕೂತಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯವರು ಎಷ್ಟೋ ಮೊದಲೇ ಕರಡು ತಯಾರು ಮಾಡಿಕೊಟ್ಟಿದ್ದರು. ಅದರಲ್ಲಿ ನಮ್ಮಂಥವರ ಮನವಿಗಳೂ ಒಂದಿಷ್ಟು ಸೇರಿದವು, ಅಷ್ಟೇ. ಒಂದು ಮಾತ್ರ ಗಮನಿಸಿದೆ: ಮಸೂದೆ ಸದನಕ್ಕೆ ಬಂದ ಮೇಲೆ ಎಲ್ಲ ಭಾರೀ ಬೇಗ ಮುಗಿಯುತ್ತದೆ. ಏನಾದರೂ ಸೇರಿಸಬೇಕು, ತೆಗೆಸಬೇಕು ಅಂದರೆ ಕರಡು ಇಲಾಖೆಯಲ್ಲಿರುವಾಗಲೇ ಹೋಗಬೇಕು.

ಕಾನೂನು ಆದ ಮೇಲೂ ಶಾಸಕರಿಂದ ಕೆಲಸ ಇದೆ, ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ತಾಲ್ಲೂಕಿನ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆಗೆ, ಶಾಸಕರೇ ಅಧ್ಯಕ್ಷರು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಸಿಡಿಪಿಒ, ತಹಶೀಲ್ದಾರ್ ಎಲ್ಲ ಅವರ ಎದುರಿಗೇ ಕೂತಿರುತ್ತಾರೆ. ಸಭೆಗೆ ಎರಡು ದಿನ ಮೊದಲು ಪಿಎಗೆ ಫೋನ್ ಮಾಡಿ, "ಸಾಹೇಬ್ರಿಗೆ ಇದೊಂದು ಕೇಳಾಕ ಹೇಳ್ರಿ" ಅಂತ ನಿಮ್ಮ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ವಾಟ್ಸಾಪ್ ಮಾಡಿ. ನಾವು ಈಗ ಕೇಳಿಸುತ್ತಿರುವುದು, ತಾಲ್ಲೂಕಿನ ಎಷ್ಟು ಶಾಲೆಗಳಲ್ಲಿ ಇನ್ನೂ ಹಳೇ ಅರ್ಜಿಯೇ ಇದೆ ಅಂತ.