ಬಟ್ಟೆ ಬೊಂಬೆಯ ಒಳಗೆ ಮನೆಯ ರದ್ದಿ ತುಂಬಬಹುದೇ?

ಹಳೆಯ ಹಾಸಿಗೆಯ ಹತ್ತಿ, ಹರಿದ ಬನಿಯನ್ನು, ಹಾಲಿನ ಪೊಟ್ಟಣ, ಇವುಗಳಲ್ಲಿ ಯಾವುದನ್ನು ತುಂಬಿದರೆ ಖರ್ಚು ಉಳಿಯುತ್ತದೆ ಎಂದು ಕೇಳಿದ್ದೀರಿ. ಮುಂದೆ ಮಾರುವ ಯೋಚನೆಯೂ ಇದೆ ಎಂದಿದ್ದೀರಿ. ಮೈಸೂರಿನ ನಮ್ಮ ಮನೆಯಲ್ಲಿ ಬೊಂಬೆ ಹೊಲಿಯಲು ಕುಳಿತಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಆ ಲೆಕ್ಕದಿಂದಲೇ ನನ್ನ ಮೊದಲ ದೊಡ್ಡ ಆರ್ಡರ್ ಕೈತಪ್ಪಿತು.

ಅಟ್ಟದ ಮೇಲೆ ಅತ್ತೆಯವರ ಕಾಲದ ಹತ್ತಿ ಹಾಸಿಗೆಯೊಂದಿತ್ತು. ಅದನ್ನು ಬಿಚ್ಚಿ, ಹತ್ತಿಯನ್ನು ಕೈಯಲ್ಲೇ ಹಿಂಜಿ, ಬಿಸಿಲಿಗೆ ಹರವಿ, ಬಡಾವಣೆಯ ಶಿಶುವಿಹಾರವೊಂದು ಕೇಳಿದ್ದ ಆನೆ ಬೊಂಬೆಗಳಿಗೆ ತುಂಬಿದೆ. ದಸರೆಯ ಊರಿನ ಆನೆ ಮೈತುಂಬಿಕೊಂಡಿರಬೇಕೆಂದು ಕಾಲುಗಳಿಗೂ ಸೌಟಿನ ಹಿಡಿಯಿಂದ ಒತ್ತೊತ್ತಿ ತುರುಕಿದೆ. ಮಕ್ಕಳ ಕೈಗೆ ಹೋಗುವ ವಸ್ತುವಲ್ಲವೇ ಎಂದು, ಕೊಡುವ ಮುನ್ನ ಒಮ್ಮೆ ಒಗೆದೆ.

ತಪ್ಪಿದ್ದು ಒಗೆದದ್ದರಲ್ಲಿ ಅಲ್ಲ, ಒಣಗಿತೆಂದು ತಿಳಿದುಕೊಂಡದ್ದರಲ್ಲಿ. ಹತ್ತಿಯ ನಾರು ನೀರನ್ನು ತನ್ನೊಳಕ್ಕೇ ಹೀರಿಕೊಳ್ಳುತ್ತದೆ. ಹಳೆಯ ಹತ್ತಿಯಾದರೆ ನಾರು ತುಂಡಾಗಿರುವುದರಿಂದ ಒದ್ದೆಯಾದೊಡನೆ ಗಂಟುಗಟ್ಟುತ್ತದೆ. ಅದನ್ನು ಗಟ್ಟಿಯಾಗಿ ತುಂಬಿದ್ದರೆ ಒಳಗೆ ಗಾಳಿಯಾಡಲು ದಾರಿಯೇ ಇರುವುದಿಲ್ಲ. ಆಷಾಢದ ಮೋಡ ಮುಚ್ಚಿದ ದಿನಗಳಾದರೂ ಗಾಳಿಗೆ ಹೊರಗಿನ ಬಟ್ಟೆ ಬೇಗನೆ ಗರಿಗರಿಯಾಯಿತು, ನಾನು ಅಷ್ಟನ್ನೇ ಮುಟ್ಟಿ ನೋಡಿ ಬೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಹೊಟ್ಟೆಯ ತೇವಕ್ಕೆ ಹೊರಬರಲು ಇದ್ದ ಕೊನೆಯ ಎಡೆಯನ್ನೂ ಹಾಗೆ ಮುಚ್ಚಿದಂತಾಯಿತು. ಶಿಶುವಿಹಾರದಲ್ಲಿ ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂದಿತು. ಮನೆಗೆ ತಂದು ಒಂದರ ಹೊಲಿಗೆ ಬಿಚ್ಚಿದರೆ ನಡುವಿನ ಹತ್ತಿ ಹಿಟ್ಟಿನ ಮುದ್ದೆಯಂತೆ ತಣ್ಣಗೆ ಅಂಟಿಕೊಂಡಿತ್ತು, ಅದರ ತುಂಬ ಕಪ್ಪು ಚುಕ್ಕೆಗಳಿದ್ದವು. ಒಗೆಯುವ ಮುಂಚೆ ಬೊಂಬೆಯನ್ನು ತೂಗಿಟ್ಟುಕೊಂಡು, ಅದೇ ತೂಕಕ್ಕೆ ಮರಳುವವರೆಗೂ ಒಣಗಿಲ್ಲವೆಂದೇ ತಿಳಿದಿದ್ದರೆ ಇದು ಆಗುತ್ತಿರಲಿಲ್ಲ. ಅಡುಗೆಮನೆಯ ತಕ್ಕಡಿಯೇ ಸಾಕಾಗಿತ್ತು.

ಆದ್ದರಿಂದ ಯಾವುದು ಪುಕ್ಕಟೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಗು ಬೊಂಬೆಯನ್ನು ಬಾಯಿಗೆ ಹಾಕುತ್ತದೆ, ಅದರ ಮೇಲೆ ಹಾಲು ಚೆಲ್ಲುತ್ತದೆ, ಅದನ್ನು ತಬ್ಬಿಕೊಂಡೇ ಹಾಸಿಗೆ ಒದ್ದೆ ಮಾಡುತ್ತದೆ. ಒಗೆದರೆ ಒಳಗಿನವರೆಗೂ ಒಣಗುವ ವಸ್ತು ಯಾವುದು ಎಂದು ಕೇಳಿ. ಹಾಗೆ ಕೇಳಿದರೆ ನಿಮ್ಮ ಪಟ್ಟಿಯಲ್ಲಿಲ್ಲದ ಹಳೆಯ ಫೈಬರ್ ದಿಂಬು ಮೊದಲಿಗೆ ಬರುತ್ತದೆ. ಅದರೊಳಗಿನ ಪಾಲಿಯೆಸ್ಟರ್ ನಾರು ನೀರು ಹೀರುವುದು ತೀರ ಕಡಿಮೆ. ದಿಂಬನ್ನು ಬಿಚ್ಚಿ, ಒಗೆದು, ಒಣಗಿಸಿ, ಗಂಟುಗಳನ್ನು ಬೆರಳಿನಿಂದ ಎಳೆದು ಬಿಡಿಸಿದರೆ ಅದು ಮತ್ತೆ ಉಬ್ಬುತ್ತದೆ. ಸಿಂಥೆಟಿಕ್ ಸೀರೆಯ ಚೂರುಗಳೂ ಬೇಗ ಒಣಗುತ್ತವೆ. ಬನಿಯನ್ ಬಟ್ಟೆಯೂ ಹತ್ತಿಯೇ ಆದ್ದರಿಂದ ಅದನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಬೊಂಬೆ ನೆಟ್ಟಗೆ ಕೂರುವಷ್ಟು ಭಾರಕ್ಕೆ ಮಾತ್ರ ತಳಭಾಗದಲ್ಲಿ ಸಡಿಲವಾಗಿ ಹಾಕಿ. ದರ್ಜಿ ಅಂಗಡಿಯ ಚಿಂದಿ ತಂದರೆ ಅದರ ಮೇಲೆ ತಪ್ಪದೆ ಅಯಸ್ಕಾಂತ ಆಡಿಸಿ. ಗುಂಡುಪಿನ್ನು ಬಟ್ಟೆಯ ಮಡಿಕೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಹಾಲಿನ ಪೊಟ್ಟಣ, ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ಗುಂಡುಗಳು ಬೇಡವೇ ಬೇಡ. ಹೊಲಿಗೆಯೊಂದು ಬಿಚ್ಚಿಕೊಂಡರೆ ಅವು ಮಗುವಿನ ಬಾಯಿ ಮೂಗಿಗೆ ಹೋಗುತ್ತವೆ. ಅಕ್ಕಿ, ರಾಗಿ ತುಂಬಿದರೆ ಹುಳು ಬೀಳುತ್ತದೆ.

ತುಂಬುವುದನ್ನು ನೇರವಾಗಿ ಬೊಂಬೆಗೆ ತುಂಬದೆ, ಹಳೆಯ ದಿಂಬಿನ ಕವರಿನಿಂದ ಒಳಚೀಲವೊಂದನ್ನು ಹೊಲಿದು ಅದರಲ್ಲಿ ಹಾಕಿ, ಬೊಂಬೆಯ ಬೆನ್ನನ್ನು ಕೈಹೊಲಿಗೆಯಿಂದ ಒತ್ತಾಗಿ ಮುಚ್ಚಿ. ಒಗೆಯುವಾಗ ಆ ಒಂದು ಹೊಲಿಗೆ ಬಿಚ್ಚಿದರೆ ಚೀಲವೇ ಹೊರಬರುತ್ತದೆ, ಎರಡೂ ಬೇರೆಬೇರೆಯಾಗಿ ಒಣಗುತ್ತವೆ. ಜಿಪ್ ಹಾಕಬೇಡಿ, ಮಕ್ಕಳು ಎಳೆದು ತೆರೆಯುತ್ತಾರೆ.

ಇನ್ನು ಮಾರುವ ವಿಷಯ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದಂತೆ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಬೊಂಬೆಗಳಿಗೆ ಇದರಿಂದ ವಿನಾಯಿತಿ ಇದೆ. ನೆಂಟರಿಷ್ಟರ ಮಕ್ಕಳಿಗೆ ಉಡುಗೊರೆ ಕೊಡುವುದಾದರೆ ಈ ಚಿಂತೆಯಿಲ್ಲ, ಅಂಗಡಿಗೋ ಶಾಲೆಗೋ ಕೊಡುವುದಾದರೆ ಮುಂಗಡ ಹಣ ಪಡೆಯುವ ಮೊದಲೇ ಆ ನೋಂದಣಿ ಮುಗಿಸಿಕೊಳ್ಳಿ.