ಎಡಿಟ್ ಮಾಡಿದ ಮನೆಯ ವೀಡಿಯೋವನ್ನು ಕಂಪ್ಯೂಟರಿನಿಂದ ಮತ್ತೆ ವಿಎಚ್‌ಎಸ್ ಕ್ಯಾಸೆಟ್ಟಿಗೆ ಹಾಕುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮಗಳ ಮದುವೆ, ಹಳೇ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತೆಗೆಸಿದ ಕುಬಸ, ಜವಳದ ತುಣುಕುಗಳು, ಫೋನಿನಲ್ಲಿ ಹಿಡಿದದ್ದು, ಎಲ್ಲ ಸೇರಿಸಿ ಒಂದು ತಾಸು ನಲವತ್ತು ನಿಮಿಷದ ವೀಡಿಯೋ ಮಾಡಿದ್ದೀರಿ. ಗದಗದಲ್ಲಿರುವ ನಿಮ್ಮ ಅತ್ತೆಯವರಿಗೆ ವಿಸಿಆರ್ (ಕ್ಯಾಸೆಟ್ ಓಡಿಸುವ, ರೆಕಾರ್ಡ್ ಮಾಡುವ ಯಂತ್ರ) ಬಿಟ್ಟರೆ ಬೇರೆ ಯಾವುದೂ ಒಗ್ಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಈಗಿನ ಟಿವಿಗೆ ಜೋಡಿಸುವ ಎಚ್‌ಡಿಎಂಐ ತೂತು ಮಾತ್ರ ಇದೆ. ಹುಬ್ಬಳ್ಳಿಯಲ್ಲಿ ಯಾರಾದರೂ ಕ್ಯಾಸೆಟ್ ಮಾಡಿಕೊಡುತ್ತಾರೋ, ಇಲ್ಲ ಮನೆಯಲ್ಲೇ ಆಗುತ್ತದೋ?

ಮನೆಯಲ್ಲೇ ಆಗುತ್ತದೆ. ಅದೂ ಅತ್ತೆಯವರ ಮನೆಯಲ್ಲೇ ಆಗಬೇಕು. ನಾನು ಹುಬ್ಬಳ್ಳಿಯಲ್ಲಿ ಕ್ಯಾಸೆಟ್ಟಿನ ಕಾಲದಿಂದ ಮದುವೆ ವೀಡಿಯೋ ಮಿಕ್ಸಿಂಗ್ ಮಾಡಿಕೊಂಡು ಬಂದವನು. ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಕ್ಯಾಸೆಟ್ಟು ಯಾವ ಯಂತ್ರದಲ್ಲಿ ಓಡಬೇಕೋ ಅದೇ ಯಂತ್ರದಲ್ಲಿ ರೆಕಾರ್ಡ್ ಆಗಬೇಕು. ವಿಎಚ್‌ಎಸ್ ರೀಲಿನ ಅಗಲ ಬರೀ ಅರ್ಧ ಇಂಚು. ತಿರುಗುವ ಹೆಡ್ಡು ಅದರ ಮೇಲೆ ಚಿತ್ರವನ್ನು ಓರೆ ಗೆರೆಗಳಾಗಿ ಬರೆಯುತ್ತ ಹೋಗುತ್ತದೆ. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಎಸ್‌ಪಿ ಎಂಬ ಮಾಮೂಲಿ ವೇಗದಲ್ಲಿ ಒಂದೊಂದು ಗೆರೆಯ ಅಗಲ 49 ಮೈಕ್ರಾನ್, ತಲೆಗೂದಲಿಗಿಂತ ಸಣ್ಣದು. ರೀಲನ್ನು ಹಿಡಿದು ನಡೆಸುವ ಕಂಬಿಗಳು ವರ್ಷಗಟ್ಟಲೆ ಸವೆದು ಪ್ರತಿ ಯಂತ್ರದಲ್ಲೂ ತುಸು ಬೇರೆ ಬೇರೆ ಕಡೆ ವಾಲಿರುತ್ತವೆ. ಒಂದರಲ್ಲಿ ಬರೆದ ಗೆರೆಯನ್ನು ಇನ್ನೊಂದು ಓದಲು ಹೋದಾಗ ಚಿತ್ರದ ಕೆಳಗೆ ಬಿಳಿ ಗೆರೆಗಳು ಓಡುತ್ತವೆ, ಅದನ್ನು ಸರಿಮಾಡುವ ಟ್ರ್ಯಾಕಿಂಗ್ ತಿರುಪನ್ನು ಎಷ್ಟು ತಿರುಗಿಸಿದರೂ ಪೂರ್ತಿ ಹೋಗುವುದಿಲ್ಲ. ತಾನೇ ಬರೆದದ್ದನ್ನು ಯಂತ್ರ ಚೆನ್ನಾಗಿ ಓದುತ್ತದೆ. ಹುಬ್ಬಳ್ಳಿಯಿಂದ ಗದಗಕ್ಕೆ 60 ಕಿಲೋಮೀಟರು ಹತ್ತಿರ. ವೀಡಿಯೋವನ್ನು ಅಲ್ಲಿಗೆ ಒಯ್ಯಿರಿ, ಕ್ಯಾಸೆಟ್ಟನ್ನು ಇಲ್ಲಿ ಮಾಡಿಸಬೇಡಿರಿ.

ಹೊರಡುವ ಮೊದಲು ಫೋನು ಮಾಡಿ ಒಂದು ವಿಷಯ ಕೇಳಿಕೊಳ್ಳಿರಿ. ಅವರ ಮನೆಯಲ್ಲಿರುವುದು ವಿಸಿಆರೋ ವಿಸಿಪಿಯೋ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದ್ದದ್ದು ವಿಸಿಪಿ, ಅದು ಹಚ್ಚಿ ನೋಡುವುದಕ್ಕೆ ಮಾತ್ರ, ಅದರಲ್ಲಿ ರೆಕಾರ್ಡ್ ಆಗುವುದಿಲ್ಲ. ಬಾಯಲ್ಲಿ ಎಲ್ಲರೂ ಎರಡಕ್ಕೂ ವಿಸಿಆರ್ ಅಂತಲೇ ಅನ್ನುತ್ತಾರೆ. ಮುಂದೆ ಕೆಂಪು ಚುಕ್ಕೆಯ ರೆಕಾರ್ಡ್ ಬಟನ್, ಹಿಂದೆ ಅಥವಾ ಮುಂದೆ ಹಳದಿ ಬಣ್ಣದ ‘ವೀಡಿಯೋ ಇನ್’ ತೂತು ಇದ್ದರೆ ವಿಸಿಆರ್. ವಿಸಿಪಿ ಆಗಿದ್ದರೆ ಪರಿಚಯದವರ ಹತ್ತಿರ ವಿಸಿಆರ್ ಹುಡುಕಿ, ಅದನ್ನೂ ಅತ್ತೆಯವರ ಮನೆಗೇ ಒಯ್ದು ಅಲ್ಲೇ ಪರೀಕ್ಷೆ ಮಾಡುತ್ತ ರೆಕಾರ್ಡ್ ಮಾಡಬೇಕಾಗುತ್ತದೆ.

ಇನ್ನು ವೀಡಿಯೋದ ವಿಷಯ. ಮುಖ್ಯ ಕೆಲಸ ಇರುವುದು ಇಲ್ಲೇ, ವೈರು ಹಚ್ಚುವುದರಲ್ಲಿ ಅಲ್ಲ. ಕಂಪ್ಯೂಟರಿನ ಪರದೆಯ ಮೇಲೆ ನೀವು ನೋಡುವುದರಲ್ಲಿ ಸಣ್ಣದೊಂದು ಪಾಲು ಮಾತ್ರ ರೀಲಿಗೆ ಇಳಿಯುತ್ತದೆ. ವಿಎಚ್‌ಎಸ್ ಹಿಡಿಯುವ ವಿವರ ಅಡ್ಡಕ್ಕೆ ಸುಮಾರು 240 ಗೆರೆ, ಬಣ್ಣದ ವಿವರ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಈಗಿನ ಎಡಿಟ್ಟಿನ ಒಂದು ಪ್ರತಿ ಮಾಡಿಕೊಂಡು ಅದನ್ನು ಕ್ಯಾಸೆಟ್ಟಿಗೆಂದೇ ತಿದ್ದಿರಿ.

ಮೊದಲು ಅಕ್ಷರ. ಇಂಗ್ಲಿಷ್ ಹೆಸರು ಹೇಗೋ ಓದಲಿಕ್ಕೆ ಬರುತ್ತದೆ, ಕನ್ನಡದಲ್ಲಿ ಒತ್ತಕ್ಷರ ಕೂಡಲೇ ಅಳಿಸಿಹೋಗುತ್ತದೆ. ‘ಜ್ಯೇಷ್ಠ ಪುತ್ರಿ’ ಎಂದು ತೆಳ್ಳಗೆ ಬರೆದದ್ದು ರೀಲಿನಲ್ಲಿ ‘ಜೇಷ ಪುತಿ’ ಆಗಿ ಕಾಣುತ್ತದೆ, ಕೆಳಗಿನ ಒತ್ತಿನ ಜಾಗದಲ್ಲಿ ಒಂದು ಮಬ್ಬು ಚುಕ್ಕೆ ಅಷ್ಟೇ. ತಲೆಕಟ್ಟಿನ ತೆಳು ಗೆರೆಗಳು ಹಳೇ ಟಿವಿಯಲ್ಲಿ ಪಟಪಟ ಮಿನುಗುತ್ತವೆ. ಅದಕ್ಕೆ ದಪ್ಪ ಅಕ್ಷರ ಬೇಕು, ಸುತ್ತ ಕಪ್ಪು ಅಂಚು ಬೇಕು, ಪಾಲ್ ಚಿತ್ರದ 576 ಗೆರೆಯ ಎತ್ತರದಲ್ಲಿ ಒತ್ತು ಬಿಟ್ಟು ಮೂಲ ಅಕ್ಷರವೇ 40 ಗೆರೆಯಷ್ಟಾದರೂ ಇರಲಿ. ಒಂದು ಪರದೆಗೆ ಎರಡು ಸಾಲು ಸಾಕು. ಮದುವೆ ವೀಡಿಯೋ ಅಂದರೆ ಹಳದಿ ಮೇಲೆ ಕೆಂಪು ಅಕ್ಷರ ಹಾಕುವ ರೂಢಿ. ಕ್ಯಾಸೆಟ್ಟಿನಲ್ಲಿ ಕೆಂಪು ಬಲಕ್ಕೆ ಹರಡಿ ಅಕ್ಷರ ಅಕ್ಷರ ಕೂಡಿಕೊಳ್ಳುತ್ತವೆ. ಕಡುನೀಲಿಯ ಮೇಲೆ ತುಸು ಮಾಸಿದ ಬಿಳಿ ಹಾಕಿ ನೋಡಿರಿ, ಎಷ್ಟು ಸ್ವಚ್ಛ ಕಾಣುತ್ತದೆ. ಮದುಮಗಳ ಸೀರೆ ಕೆಂಪು ಇದ್ದರೆ ಆ ದೃಶ್ಯಗಳಲ್ಲೂ ಬಣ್ಣವನ್ನು ಸ್ವಲ್ಪ ಇಳಿಸಿರಿ. ಹಳೇ ಡಬ್ಬಾ ಟಿವಿ ನಾಲ್ಕೂ ಅಂಚನ್ನು ನುಂಗುತ್ತದೆ, ಹಾಗಾಗಿ ಪ್ರತಿ ಬದಿಗೆ ಹತ್ತನೇ ಒಂದು ಭಾಗ ಬಿಟ್ಟು ಒಳಗೆ ಹೆಸರು ಬರೆಯಿರಿ.

ಚಿತ್ರದ ಆಕಾರ: ನಿಮ್ಮ ಮದುವೆ ವೀಡಿಯೋ 16:9 ಇರುತ್ತದೆ, ಆ ಟಿವಿ 4:3. ಪೂರ್ತಿ ಅಗಲ ಉಳಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಚಿತ್ರಕ್ಕೆ 576ರಲ್ಲಿ 432 ಗೆರೆ ಮಾತ್ರ ಸಿಗುತ್ತದೆ, ಮುಖಗಳು ಸಣ್ಣವಾಗುತ್ತವೆ. ಪೂರ್ತಿ ತುಂಬಿಸಿದರೆ ಬದಿಗೆ ನಿಂತ ಬೀಗರು ಹೊರಗೆ ಹೋಗುತ್ತಾರೆ. ನಾನಾದರೆ ನಡುವಿನ 14:9 ಇಡುತ್ತೇನೆ, ಬದಿಯಲ್ಲಿ ತುಸು ಕತ್ತರಿಸಿ, ಮೇಲೆ ಕೆಳಗೆ ಸಣ್ಣ ಪಟ್ಟಿ. ವಯಸ್ಸಾದ ಕಣ್ಣಿಗೆ ಮುಖ ದೊಡ್ಡದಾಗಿ ಕಾಣುವುದು ಮುಖ್ಯ. ಅಕ್ಕಿಕಾಳು ಬೀಳುವ ಹೊತ್ತಿನ ದೃಶ್ಯವನ್ನು ಮಾತ್ರ ಬೇರೆಯಾಗಿ ನೋಡಿ ಸರಿಮಾಡಿರಿ, ಅಲ್ಲಿ ಎಲ್ಲರ ಮುಖವೂ ಬೇಕು.

ವೇಗ ಸೆಕೆಂಡಿಗೆ 25 ಚಿತ್ರ ಇರಲಿ. ಫೋನು ಸಾಮಾನ್ಯವಾಗಿ 30ರಲ್ಲಿ ಹಿಡಿದಿರುತ್ತದೆ, ಎಡಿಟಿಂಗ್ ಸಾಫ್ಟ್‌ವೇರು ಅದನ್ನು 25ಕ್ಕೆ ಇಳಿಸುತ್ತದೆ. ಹಳೇ ಕ್ಯಾಸೆಟ್ಟಿನಿಂದ ಬಂದ ಕುಬಸದ ತುಣುಕು ಇಂಟರ್ಲೇಸ್ ಆಗಿರುತ್ತದೆ, ಅಂದರೆ ಒಂದು ಚಿತ್ರವೇ ಎರಡು ಅರ್ಧಗಳಾಗಿ ಇರುತ್ತದೆ. ಕಂಪ್ಯೂಟರಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆಂದು ಅದನ್ನು ಅಳಿಸಲು ಹೋಗಬೇಡಿರಿ. ವಾಪಸು ಹೋಗುತ್ತಿರುವುದೂ ಇಂಟರ್ಲೇಸ್ ಪದ್ಧತಿಗೇ. ಅರ್ಧಗಳ ಸರದಿ ತಿರುವುಮುರುವಾದರೆ ಆರತಿ ಎತ್ತುವ ಕೈ ಮುಂದೆ ಹೋಗಿ ಹಿಂದೆ ಬಂದಂತೆ ನಡುಗುತ್ತದೆ. ಆಗ ಸಾಫ್ಟ್‌ವೇರಿನಲ್ಲಿ ಫೀಲ್ಡ್ ಆರ್ಡರ್, ಅಂದರೆ ಆ ಸರದಿಯನ್ನು ಬದಲಿಸಿ ವೀಡಿಯೋವನ್ನು ಮತ್ತೆ ತಯಾರಿಸಿರಿ (ರೆಂಡರ್). ಶಾಟ್‌ಕಟ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಪಾಲ್‌ಗೆಂದೇ ಸಿದ್ಧ ಸೆಟ್ಟಿಂಗ್ ಇದೆ, 720 ಗುಣಿಸು 576.

ಧ್ವನಿಯನ್ನು ಜನ ಮರೆಯುತ್ತಾರೆ. ಅನೇಕ ಮನೆಗಳ ವಿಸಿಆರಿಗೆ ಧ್ವನಿಯ ತೂತು ಒಂದೇ, ಬಿಳಿಯದು. ಸ್ಟೀರಿಯೋ ವೀಡಿಯೋದ ಬಿಳಿ ಪಿನ್ನು ಮಾತ್ರ ಹಚ್ಚಿದರೆ ಬಲಗಡೆಯ ಧ್ವನಿ ಪೂರ್ತಿ ಹೋಯಿತು. ಆದ್ದರಿಂದ ಕಂಪ್ಯೂಟರಿನಲ್ಲೇ ಎರಡನ್ನೂ ಕೂಡಿಸಿ ಮೊನೋ ಮಾಡಿರಿ. ಸಾಮಾನ್ಯ ವಿಸಿಆರು ಧ್ವನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ; ಪೂರ್ತಿ ನಿಶ್ಶಬ್ದ ಬಂದಲ್ಲಿ ಏರಿಸಿ ರೀಲಿನ ಸುಯ್ಯೆಂಬ ಸದ್ದನ್ನು ತರುತ್ತದೆ. ದೃಶ್ಯ ದೃಶ್ಯದ ನಡುವೆ ಸನಾದಿಯೋ ಮನೆಯ ಗದ್ದಲವೋ ಸಣ್ಣಗೆ ಹರಿಯಲಿ. ಹಿರಿಯರು ಮಾತಾಡಿದ ಕಡೆಗಳಲ್ಲಿ ಧ್ವನಿ ಎತ್ತಿರಿ, ಹಾಡನ್ನು ತಗ್ಗಿಸಿರಿ.

ಈಗ ದಾರಿ. ಎಲ್ಲರೂ ಎಚ್‌ಡಿಎಂಐ ಟು ಎವಿ ಡಬ್ಬಿ, ಅಂದರೆ ಎಚ್‌ಡಿಎಂಐ ಸಿಗ್ನಲ್ಲನ್ನು ವಿಸಿಆರಿಗೆ ಹಚ್ಚುವ ಹಳೇ ಎವಿ ಸಿಗ್ನಲ್ಲಿಗೆ ತಿರುಗಿಸುವ ಡಬ್ಬಿ ಕೊಳ್ಳಿರಿ ಅನ್ನುತ್ತಾರೆ. ಅದೂ ನಡೆಯುತ್ತದೆ, ಆದರೆ ನನ್ನ ಮೊದಲ ಆಯ್ಕೆ ಸಾದಾ ಡಿವಿಡಿ ಪ್ಲೇಯರು. ಅದರ ಹಿಂದೆ ಹಳದಿ, ಬಿಳಿ, ಕೆಂಪು ಎವಿ ಔಟ್ ಇರುತ್ತದೆ, ಅದು ನೇರವಾಗಿ ಪಾಲ್ ಸಿಗ್ನಲ್ಲನ್ನೇ ಕೊಡುತ್ತದೆ. ನಡುವೆ ಲ್ಯಾಪ್‌ಟಾಪು ಮಲಗುವ, ವಾಟ್ಸಾಪ್ ಸಂದೇಶ ಪರದೆ ಮೇಲೆ ಹಾಯುವ ಕಾಟವಿಲ್ಲ. ಡಿವಿಡಿ ಸ್ಟೈಲರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ನಿಮ್ಮ ವೀಡಿಯೋವನ್ನು ಪಾಲ್ ಡಿವಿಡಿ ಮಾಡಿರಿ. 4.7 ಜಿಬಿಯ ಒಂದು ಡಿಸ್ಕಿನಲ್ಲಿ ನೂರು ನಿಮಿಷ ಸೆಕೆಂಡಿಗೆ 5 ಮೆಗಾಬಿಟ್ ಲೆಕ್ಕದಲ್ಲಿ ಆರಾಮಾಗಿ ಹಿಡಿಯುತ್ತದೆ, ವಿಎಚ್‌ಎಸ್‌ಗೆ ಅದೇ ಜಾಸ್ತಿ. ಪ್ಲೇಯರಿನ ಸೆಟಪ್ಪಿನಲ್ಲಿ ಟಿವಿ ಸಿಸ್ಟಮ್ ಪಾಲ್, ಟಿವಿ ಆಕಾರ 4:3 ಇಡಿರಿ. ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಬರೆಯುವ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ಡ್ರೈವ್ ಯಾರ ಹತ್ತಿರವಾದರೂ ಎರವಲು ಸಿಗುತ್ತದೆ.

ಡಬ್ಬಿಯೇ ಬೇಕೆಂದರೆ ಕೊಪ್ಪಿಕರ್ ರೋಡಿನ ಕಡೆ ವಿಚಾರಿಸಿರಿ. ಎರಡು ಜಾತಿ ಇವೆ, ನೋಡಲು ಒಂದೇ ತರಹ: ಎಚ್‌ಡಿಎಂಐಯಿಂದ ಎವಿಗೆ, ಎವಿಯಿಂದ ಎಚ್‌ಡಿಎಂಐಗೆ. ಎಚ್‌ಡಿಎಂಐ ತೂತಿನ ಪಕ್ಕದಲ್ಲಿ ‘ಇನ್ಪುಟ್’ ಎಂದು ಬರೆದದ್ದೇ ನಿಮಗೆ ಬೇಕಾದದ್ದು. ಬದಿಯ ಸಣ್ಣ ಸ್ವಿಚ್ಚನ್ನು ಪಾಲ್ ಕಡೆಗೆ ತಳ್ಳಿರಿ, ಲ್ಯಾಪ್‌ಟಾಪಿನ ಡಿಸ್‌ಪ್ಲೇಯನ್ನು 50 ಹರ್ಟ್ಜ್‌ಗೆ ಇಡಿರಿ, ಧ್ವನಿಯನ್ನು ಎರಡು ಚಾನೆಲ್ಲಿನ ಪಿಸಿಎಂಗೆ (ಸಾದಾ ಸ್ಟೀರಿಯೋ) ಇಡಿರಿ. ರೆಕಾರ್ಡಿಂಗ್ ಹೊತ್ತಿಗೆ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಿದರೆ ಸ್ಪೀಕರಿನ ಗುಂಯ್ ಸದ್ದು ಎಷ್ಟೋ ಸಲ ಅಲ್ಲೇ ನಿಲ್ಲುತ್ತದೆ.

   

ಕ್ಯಾಸೆಟ್ಟಿನ ಬಗ್ಗೆ ಎಚ್ಚರ ಬೇಕು. ಹೊಸದು ಸಿಗುವುದು ಕಷ್ಟ, ಮನೆಯಲ್ಲಿದ್ದ ಹಳೆಯದನ್ನೇ ಬಳಸುತ್ತೀರಿ. ಅದರಲ್ಲಿ ಏನಿದೆ ಎಂದು ಕೊನೆಯವರೆಗೂ ಓಡಿಸಿ ನೋಡದೆ ಅದರ ಮೇಲೆ ಬರೆಯಬೇಡಿರಿ. ಸಿನಿಮಾ ಮುಗಿದ ಮೇಲೆ ಉಳಿದ ಹತ್ತು ನಿಮಿಷದಲ್ಲಿ ಯಾರದೋ ತೊಟ್ಟಿಲು ಕಾರ್ಯಕ್ರಮ ಇರುತ್ತದೆ, ಬೇರೆಲ್ಲೂ ಇಲ್ಲದ ಮುಖ ಅದರಲ್ಲಿರುತ್ತದೆ. ಓಡಿಸುವ ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ರೀಲಿನ ಸುರುಳಿ ನೋಡಿರಿ. ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಬೂಸ್ಟು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಹಾನಗಲ್ಲ ಕಡೆಯ ಮನೆಗಳಲ್ಲಿ ಇಟ್ಟ ಕ್ಯಾಸೆಟ್ಟಿನಲ್ಲಿ ಇದು ಜಾಸ್ತಿ, ಗದಗದ ಒಣ ಹವೆಯಲ್ಲಿ ಕಡಿಮೆ. ಅಂಥದ್ದನ್ನು ಯಂತ್ರದೊಳಗೆ ಹಾಕಲೇಬೇಡಿರಿ, ಹೆಡ್ಡಿಗೆ ಅಂಟಿ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಇ-180 ಎಂದು ಬರೆದಿದ್ದರೆ ಎಸ್‌ಪಿಯಲ್ಲಿ ಮೂರು ತಾಸು ಹಿಡಿಯುತ್ತದೆ, ನಿಮಗೆ ಸಾಕು. ಅರ್ಧ ವೇಗದ ಎಲ್‌ಪಿ ಬೇಡ, ಚಿತ್ರ ಇನ್ನೂ ಮಬ್ಬಾಗುತ್ತದೆ. ಬೆನ್ನಿನ ಎಡತುದಿಯ ಪ್ಲಾಸ್ಟಿಕ್ ಚೂರು ಮುರಿದಿದ್ದರೆ ಆ ಗುಂಡಿಗೆ ಸೆಲೋ ಟೇಪ್ ಅಂಟಿಸಿರಿ, ಇಲ್ಲದಿದ್ದರೆ ರೆಕಾರ್ಡ್ ಬಟನ್ ಒತ್ತಿದರೂ ಯಂತ್ರ ಒಪ್ಪುವುದಿಲ್ಲ.

ಯಂತ್ರ ಬಹಳ ದಿನ ಸುಮ್ಮನೆ ಕೂತಿದ್ದರೆ ಮೊದಲು ಬೇಡವಾದ ಕ್ಯಾಸೆಟ್ಟು ಹಾಕಿ ನೋಡಿರಿ. ಒಳಗಿನ ಬೆಲ್ಟು ಸಡಿಲಾದರೆ ರೀಲು ಸಿಕ್ಕಿಕೊಳ್ಳುತ್ತದೆ. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಇರುವುದನ್ನೇ ಕಾಪಾಡಿಕೊಳ್ಳಬೇಕು. ಹೆಡ್ಡು ಒರೆಸಬೇಕಾದರೆ ಕರೆಂಟಿನ ಪ್ಲಗ್ಗು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಶಾಮಿ ಚರ್ಮವನ್ನು ಹೆಡ್ಡು ಕೂತಿರುವ ಡ್ರಮ್ಮಿಗೆ ಹಗುರಾಗಿ ತಾಗಿಸಿ ಹಿಡಿದು, ಡ್ರಮ್ಮನ್ನು ಕೈಯಿಂದ ನಿಧಾನ ತಿರುಗಿಸಿರಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುತ್ತದೆ. ಹತ್ತಿಯ ಕಡ್ಡಿ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ.

ರೆಕಾರ್ಡಿಂಗ್ ಸುಲಭ. ಪ್ಲೇಯರಿನ ಔಟ್‌ನಿಂದ ವಿಸಿಆರಿನ ಇನ್‌ಗೆ, ವಿಸಿಆರಿನ ಔಟ್‌ನಿಂದ ಟಿವಿಗೆ. ವಿಸಿಆರನ್ನು ಎವಿ ಅಥವಾ ಎಲ್1 ಚಾನೆಲ್ಲಿಗೆ (ವೈರಿನಿಂದ ಬರುವ ಚಿತ್ರಕ್ಕೆ) ತಂದರೆ ಟಿವಿಯಲ್ಲಿ ನಿಮ್ಮ ವೀಡಿಯೋ ಕಾಣುತ್ತದೆ. ಕಾಣದಿದ್ದರೆ ರೀಲಿಗೂ ಏನೂ ಹೋಗುವುದಿಲ್ಲ. ಮೊದಲು ಎರಡು ನಿಮಿಷ ರೆಕಾರ್ಡ್ ಮಾಡಿ, ಹಿಂದಕ್ಕೆ ಸುತ್ತಿ, ಹೆಸರಿನ ಅಕ್ಷರಗಳನ್ನು ಅತ್ತೆಯವರಿಂದಲೇ ಓದಿಸಿರಿ. ಅವರು ಕೂತ ಜಾಗದಿಂದ ಓದಲಿಕ್ಕೆ ಬಂದರೆ ಮುಂದುವರಿಯಿರಿ. ವೀಡಿಯೋದ ಮೊದಲಿಗೆ ಹದಿನೈದು ಸೆಕೆಂಡು ಕಪ್ಪು ಪರದೆ ಇಟ್ಟುಕೊಂಡಿರಿ, ಶುರುವಿನಲ್ಲಿ ಚಿತ್ರ ನಿಲ್ಲಲು ಯಂತ್ರಕ್ಕೆ ಸ್ವಲ್ಪ ಹೊತ್ತು ಬೇಕು. ಮೊದಲು ರೆಕಾರ್ಡ್ ಒತ್ತಿ ಆಮೇಲೆ ಪ್ಲೇ ಒತ್ತಿರಿ. ನಡುವೆ ಕರೆಂಟು ಹೋದರೆ ಆ ದೃಶ್ಯದಿಂದ ಜೋಡಿಸಲು ಹೋಗದೆ ಮೊದಲಿನಿಂದ ಮಾಡಿರಿ, ಜೋಡಿಸಿದ ಜಾಗದಲ್ಲಿ ಚಿತ್ರ ಹರಿದು ಕಾಣುತ್ತದೆ. ಎಲ್ಲ ಸರಿ ಬಂದ ಮೇಲೆ ಸೆಲೋ ಟೇಪು ಕಿತ್ತುಬಿಡಿರಿ, ಇನ್ನೊಂದು ಕ್ಯಾಸೆಟ್ಟಿದ್ದರೆ ಅದೇ ದಿನ ಎರಡನೇ ಪ್ರತಿಯನ್ನೂ ಮಾಡಿಟ್ಟು ಬನ್ನಿರಿ.

ವಿಸಿಆರಿನ ಹಿಂಭಾಗದ ಫೋಟೋ ಸಿಕ್ಕರೆ ಇಲ್ಲೇ ಹಾಕಿರಿ, ಯಾವ ತೂತಿಗೆ ಯಾವ ಪಿನ್ನು ಎಂದು ಗುರುತು ಮಾಡಿ ಹೇಳುತ್ತೇನೆ.